ಹೊಸಬನಿಗೆ ಎತ್ತರವಾಗುವ ಹೊಸ್ತಿಲು

ಕನ್ನಡದ ಇಸ್ಪೀಟಾಟವೇ ತೆಲುಗಿನ ಪೇಕಾಟ. ಕಂಬದೂರು, ಕಲ್ಯಾಣದುರ್ಗ, ಹಿಂದೂಪುರಗಳ ಸೀಮೆಯಲ್ಲಿ ಈ ಎರಡು ಹೆಸರುಗಳೂ ಒಂದೇ ಅರಳಿಕಟ್ಟೆಯ ಮೇಲೆ ಕೇಳಿಬರುತ್ತವೆ. ಆಟ ಹೊರನಾಡಿನಿಂದ ಬಂದದ್ದು. ಆದರೂ ಕಳಾವರ್, ಆಟೀನು ಮೊದಲಾದ ಮಾತುಗಳು ಯುರೋಪಿನ ವರ್ತಕರ ನಾಲಗೆಯಿಂದ ಇಳಿದು, ಅಕ್ಷರ ಬಾರದವರ ಬಾಯಲ್ಲೂ ನೆಲೆಯೂರಿವೆ. 'ತುರುಫಿನ ಎಲೆ' ಎಂಬ ಮಾತಂತೂ ಎಂದೂ ಇಸ್ಪೀಟು ಮುಟ್ಟದವರ ಸಂಭಾಷಣೆಗೂ, ಚುನಾವಣಾ ಕಾಲದ ಪತ್ರಿಕಾ ವರದಿಗಳಿಗೂ ಸಲೀಸಾಗಿ ಸೇರಿಕೊಂಡಿದೆ. ಪರದೇಶದ ಆಟವೊಂದು ಹೀಗೆ ನೆಲದ ಆಟವಾದದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಕಂಡುಕೊಂಡರೆ, ಇಂದು ಮೊಬೈಲಿನ ಪರದೆಯ ಮೇಲೆ ಹುಟ್ಟುತ್ತಿರುವ ಎಲೆಯಾಟಗಳು ಹೊಸಬರನ್ನು ಏಕೆ ಬಾಗಿಲಲ್ಲೇ ದಣಿಸುತ್ತವೆ ಎಂಬುದಕ್ಕೂ ಉತ್ತರ ದೊರೆಯುತ್ತದೆ.

ಕಟ್ಟೆಯ ಆಟಕ್ಕೆ ಪಠ್ಯಪುಸ್ತಕವಿಲ್ಲ. ಕಲಿಯಬಯಸುವವನು ಆಡುವವನ ಬೆನ್ನ ಹಿಂದೆ ಕುಳಿತು ನೋಡುತ್ತಾನೆ. ಯಾವ ಎಲೆಯನ್ನು ಇಟ್ಟುಕೊಂಡರು, ಯಾವುದನ್ನು ಎಸೆದರು, ಎಸೆಯುವ ಮೊದಲು ಎಷ್ಟು ಹೊತ್ತು ಯೋಚಿಸಿದರು ಎಂಬುದನ್ನೆಲ್ಲ ಗಮನಿಸುತ್ತಾನೆ. ಒಂದು ದಿನ ಯಾರೋ ಎದ್ದುಹೋದ ಜಾಗ ಅವನದಾಗುತ್ತದೆ. ಮೊದಲ ಒಂದೆರಡು ಸುತ್ತು ಅವನ ಎಲೆಗಳನ್ನು ಎಲ್ಲರಿಗೂ ಕಾಣುವಂತೆ ಹರಡಿಸಿಯೇ ಆಡಿಸುತ್ತಾರೆ. ತಪ್ಪು ಎಲೆ ಇಳಿಸಿದರೆ ಹಿರಿಯನೊಬ್ಬ ಅದನ್ನು ಎತ್ತಿ ಮರಳಿ ಕೈಗೆ ಕೊಡುತ್ತಾನೆ. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ನಲವತ್ತು ವರ್ಷ ಆಡಿದವನಿಗೂ ಇಂದು ಕುಳಿತವನಿಗೂ ಹಂಚಿಕೆಯಾಗುವುದು ಅದೇ 52 ಎಲೆಗಳ ಕಟ್ಟಿನಿಂದ. ಹಿರಿಯನ ಹೆಚ್ಚಳವಿರುವುದು ಅವನ ನೆನಪಿನಲ್ಲಿ, ಅವನ ಲೆಕ್ಕಾಚಾರದಲ್ಲಿ, ಕಟ್ಟಿನಲ್ಲಲ್ಲ. ಎಲ್ಲರಿಗೂ ಒಂದೇ ಆದ ಕಟ್ಟು ಮತ್ತು ಬೆನ್ನ ಹಿಂದಿನ ಜಾಗ, ಇವೆರಡೇ ಇಸ್ಪೀಟನ್ನು ಊರೂರಿಗೆ ಮುಟ್ಟಿಸಿದವು. ಡಿಜಿಟಲ್ ಎಲೆಯಾಟಗಳು ಕಳೆದುಕೊಂಡದ್ದು ಈ ಎರಡನ್ನೇ.

ಇಲ್ಲಿ ಡಿಜಿಟಲ್ ಎಲೆಯಾಟವೆಂದರೆ ಮೊಬೈಲಿಗೆ ಬಂದ ರಮ್ಮಿಯಲ್ಲ. ಅದರ ವಿಚಾರ ಮುಂದೆ ಬರುತ್ತದೆ. ಇವು ಬೇರೊಂದು ವಂಶದ ಆಟಗಳು. 1993ರಲ್ಲಿ ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ 'ಮ್ಯಾಜಿಕ್: ದ ಗ್ಯಾದರಿಂಗ್' ಈ ವಂಶದ ಮೂಲ. ಅದರಲ್ಲಿ ಎಲ್ಲರಿಗೂ ಸೇರಿದ ಒಂದು ಕಟ್ಟು ಎಂಬುದೇ ಇಲ್ಲ. ಆಟಗಾರನು ಮುಚ್ಚಿದ ಪೊಟ್ಟಣಗಳನ್ನು ಕೊಂಡು, ಒಳಗೆ ಬಂದ ಎಲೆಗಳನ್ನು ಕೂಡಿಸಿಕೊಂಡು, ತನ್ನದೇ ಕಟ್ಟನ್ನು ಸಿದ್ಧಪಡಿಸಬೇಕು. ಒಂದೊಂದು ಎಲೆಯ ಮೇಲೂ ಅದರದೇ ನಿಯಮ ಅಚ್ಚಾಗಿರುತ್ತದೆ. ಈ ಕಲ್ಪನೆಯನ್ನೇ ಪರದೆಗೆ ತಂದು 2014ರಲ್ಲಿ ಬ್ಲಿಜರ್ಡ್ ಸಂಸ್ಥೆಯ 'ಹಾರ್ತ್‌ಸ್ಟೋನ್' ಲೋಕಪ್ರಸಿದ್ಧವಾಯಿತು. 2020ರಲ್ಲಿ 'ಲೆಜೆಂಡ್ಸ್ ಆಫ್ ರೂನೆಟೆರಾ', 2022ರಲ್ಲಿ 'ಮಾರ್ವೆಲ್ ಸ್ನ್ಯಾಪ್' ಬಂದವು. ಇವುಗಳಲ್ಲಿ ಹೆಚ್ಚಿನವಕ್ಕೆ ಪ್ರವೇಶಶುಲ್ಕವಿಲ್ಲ. ಇಂಟರ್‌ನೆಟ್ ಇರುವ ಯಾವ ಊರಿನ ವಿದ್ಯಾರ್ಥಿಯೂ ಇಳಿಸಿಕೊಂಡು ಆಡಬಹುದು. ಬಾಗಿಲು ಹೀಗೆ ತೆರೆದೇ ಇದ್ದರೂ ಹೊಸ್ತಿಲು ವರ್ಷದಿಂದ ವರ್ಷಕ್ಕೆ ಎತ್ತರವಾಗುತ್ತ ಹೋಗುತ್ತದೆ.

ಹೊಸ್ತಿಲು ಎತ್ತರವಾಗಲು ಮೊದಲ ಕಾರಣ ರಾಶಿ. ಹಾರ್ತ್‌ಸ್ಟೋನ್ ಆರಂಭವಾದಾಗ ಅದರ ಎಲೆಗಳು ನಾನೂರಕ್ಕಿಂತ ಕಡಿಮೆ. 2017ರಿಂದೀಚೆಗೆ ವರ್ಷಕ್ಕೆ ಮೂರು ದೊಡ್ಡ ಕಂತುಗಳಂತೆ, ಪ್ರತಿ ಕಂತಿನಲ್ಲೂ ನೂರಕ್ಕೂ ಹೆಚ್ಚು ಹೊಸ ಎಲೆಗಳು ಸೇರುತ್ತ ಬಂದಿವೆ. ಮುನ್ನೂರರಷ್ಟು ಎಲೆಗಳಿಂದ ಮೊದಲಾದ ಮ್ಯಾಜಿಕ್ ಆಟದಲ್ಲಿ ಇಂದು ಪರಸ್ಪರ ಭಿನ್ನವಾದ 25,000ಕ್ಕೂ ಹೆಚ್ಚು ಎಲೆಗಳಿವೆ. ಇಲ್ಲಿ ಎಲೆಗಳ ಎಣಿಕೆಗಿಂತ ಅವುಗಳ ಸಂಬಂಧಗಳ ಎಣಿಕೆ ದೊಡ್ಡದು. 400 ಎಲೆಗಳಿದ್ದಾಗ ಎರಡೆರಡು ಎಲೆಗಳ ಜೋಡಿಗಳು ಸುಮಾರು 80,000. ಎಲೆಗಳು 4,000 ಆದಾಗ ಜೋಡಿಗಳು ಸುಮಾರು 80 ಲಕ್ಷ. ಎಲೆ ಹತ್ತು ಪಟ್ಟಾದರೆ ತಿಳಿಯಬೇಕಾದದ್ದು ನೂರು ಪಟ್ಟಾಗುತ್ತದೆ. ಮೊದಲ ವರ್ಷದಿಂದ ಆಡುತ್ತ ಬಂದವನು ಈ ಗುಡ್ಡವನ್ನು ದಿನಕ್ಕೊಂದು ಮೆಟ್ಟಿಲಿನಂತೆ ಏರಿದ್ದಾನೆ; ಆದ್ದರಿಂದ ಅವನಿಗೆ ಅದು ಗುಡ್ಡವೆಂದೇ ತೋರುವುದಿಲ್ಲ. ಇಂದು ಬಂದವನ ಎದುರಿಗೆ ಅದು ಒಮ್ಮೆಗೇ ಎದ್ದು ನಿಲ್ಲುತ್ತದೆ. ಹಳಬರು ಹೊಸಬರ ಕಷ್ಟವನ್ನು ಅರಿಯದಿರುವುದು ಬಹುಮಟ್ಟಿಗೆ ಈ ಕಾರಣದಿಂದಲೇ ಹೊರತು ನಿರ್ದಯೆಯಿಂದಲ್ಲ.

ಎರಡನೆಯ ಕಾರಣ ಭಾಷೆ. ಇದು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಬೇಗ ಮನಗಾಣುವಂಥದು. ಎಲೆಯ ಮೇಲೆ ಇರುವ ಜಾಗ ನಾಲ್ಕು ಸಾಲಿನದು. ನಿಯಮ ದೊಡ್ಡದಾದಂತೆ ಅದನ್ನು ಒಂದು ಪಾರಿಭಾಷಿಕ ಪದಕ್ಕೆ ಇಳಿಸುವುದು ಅನಿವಾರ್ಯ. ಹಾರ್ತ್‌ಸ್ಟೋನ್‌ನಲ್ಲಿ 'ಟಾಂಟ್' ಎಂದು ಬರೆದಿದ್ದರೆ, ಎದುರಾಳಿಯ ಯೋಧರು ಉಳಿದವರನ್ನು ಬಿಟ್ಟು ಮೊದಲು ಆ ಯೋಧನ ಮೇಲೆಯೇ ಬೀಳಬೇಕು. 'ಬ್ಯಾಟಲ್‌ಕ್ರೈ' ಎಂದಿದ್ದರೆ ಎಲೆಯನ್ನು ಕೈಯಿಂದ ಇಳಿಸಿದ ಕ್ಷಣದಲ್ಲಿ ಮಾತ್ರ ಅದರ ಫಲ. 'ಡೆತ್‌ರ್ಯಾಟಲ್' ಎಂದಿದ್ದರೆ ಅದು ಅಳಿದಾಗ ಫಲ. ಇಂಥ ಸಂಜ್ಞೆಗಳು ಐದಾರಿದ್ದಾಗ ಸೊಗಸು. ಕಂತು ಕಂತಿಗೆ ಹೊಸವು ಹುಟ್ಟಿ, ಹಳೆಯವು ಮರೆಯಾಗಿ, ಮತ್ತೆ ಮರಳಿ ಬರುವಾಗ ಅದೊಂದು ಶಾಸ್ತ್ರವೇ ಆಗುತ್ತದೆ. ಕೇಶಿರಾಜನ ಶಬ್ದಮಣಿದರ್ಪಣ ಸೂತ್ರಗಳ ಗ್ರಂಥವಾದರೂ, ಸೂತ್ರದ ಬೆನ್ನಿಗೆ ವೃತ್ತಿಯಿದೆ, ವೃತ್ತಿಯ ಬೆನ್ನಿಗೆ ಪ್ರಯೋಗವಿದೆ. ಸೂತ್ರವು ಬಲ್ಲವನಿಗೆ ನೆನಪಿನ ಗಂಟು; ವೃತ್ತಿ, ಪ್ರಯೋಗಗಳು ಕಲಿಯುವವನ ಕೈಗಂಬ. ಡಿಜಿಟಲ್ ಎಲೆಯ ಮೇಲಿರುವುದು ಬರಿಯ ಸೂತ್ರ. ಬೆರಳಿಟ್ಟರೆ ಒಂದು ಸಾಲಿನ ವೃತ್ತಿ ತೆರೆದುಕೊಳ್ಳುವುದುಂಟು. ಆದರೆ ಪ್ರಯೋಗವೆಂಬುದು ಸೋಲಿನ ಮೂಲಕವೇ, ಅದೂ ಗಡಿಯಾರ ಓಡುತ್ತಿರುವಾಗಲೇ ದೊರೆಯಬೇಕು.

ಮೂರನೆಯದು ಕಟ್ಟಿನ ಅಸಮಾನತೆ. ಕಟ್ಟೆಯ ಆಟದಲ್ಲಿ ಕೆಟ್ಟ ಎಲೆ ಬಂದರೆ ಅದು ಆ ಸುತ್ತಿನ ದುರದೃಷ್ಟ. ಮುಂದಿನ ಹಂಚಿಕೆಯಲ್ಲಿ ಅದು ತೀರಿಹೋಗುತ್ತದೆ. ಈ ಆಟಗಳಲ್ಲಿ ಹೊಸಬನ ಕಟ್ಟು ತಿಂಗಳುಗಟ್ಟಲೆ ಬಡಕಲಾಗಿಯೇ ಉಳಿಯಬಹುದು. ಒಳ್ಳೆಯ ಎಲೆಗಳು ಬೇಕಾದರೆ ದಿನವೂ ಹೊತ್ತು ಕೊಡಬೇಕು, ಇಲ್ಲವೇ ಹಣ ಕೊಡಬೇಕು. ಇದರ ಜೊತೆಗೆ ಶಕ್ತಿಯ ಹಣದುಬ್ಬರ ಬೇರೆ. ಹೊಸ ಕಂತು ಮಾರಾಟವಾಗಬೇಕಾದರೆ ಅದರ ಎಲೆಗಳು ಹಳೆಯವನ್ನು ಒಂದಿಷ್ಟಾದರೂ ಮೀರಿಸಬೇಕು. ಅದರ ಮುಂದಿನ ಕಂತು ಇದನ್ನು ಮೀರಿಸಬೇಕು. ಹೀಗಾಗಿ ಹೊಸಬನಿಗೆ ಉಚಿತವಾಗಿ ದೊರೆತ ಮೊದಲ ಎಲೆಗಳು ಚಲಾವಣೆ ತಪ್ಪಿದ ನಾಣ್ಯಗಳಾಗುತ್ತವೆ. ಅವನು ಸೋಲುವುದು ತಪ್ಪು ಮಾಡಿದ್ದರಿಂದಲೋ, ಎಲೆ ಇಲ್ಲದ್ದರಿಂದಲೋ ಎಂಬುದೇ ಅವನಿಗೆ ತಿಳಿಯದೆ ಹೋಗುತ್ತದೆ. ಕಲಿಕೆಗೆ ಇದಕ್ಕಿಂತ ದೊಡ್ಡ ಅಡ್ಡಿ ಇಲ್ಲ. ಏಕೆ ಸೋತೆನೆಂದು ತಿಳಿದ ಸೋಲು ಪಾಠವಾಗುತ್ತದೆ. ತಿಳಿಯದ ಸೋಲು ಬರಿಯ ಬೇಸರವಾಗುತ್ತದೆ.

ನಾಲ್ಕನೆಯ ಕಾರಣ ಎದುರಿಗಿರುವ ಅಪರಿಚಿತ. ಹಾರ್ತ್‌ಸ್ಟೋನ್‌ನಲ್ಲಿ ಎದುರಾಳಿಯೊಡನೆ ಮುಕ್ತವಾಗಿ ಮಾತನಾಡುವಂತಿಲ್ಲ. ನಮಸ್ಕಾರ, ಧನ್ಯವಾದ, ಚೆನ್ನಾಗಿ ಆಡಿದಿರಿ ಎಂಬಂಥ ಆರೇಳು ಸಿದ್ಧವಾಕ್ಯಗಳಲ್ಲಿ ಒಂದನ್ನು ಆರಿಸಿ ಒತ್ತಬಹುದು, ಅಷ್ಟೇ. ಹೀಗೆ ಮಾಡಿದ ಉದ್ದೇಶ ಒಳ್ಳೆಯದು: ಬೈಗುಳಕ್ಕೆ ಆಸ್ಪದವಿರಬಾರದು. ಆದರೆ ಬೈಗುಳದ ಬಾಯಿ ಕಟ್ಟಿದ ಹಗ್ಗವೇ ಕಲಿಸುವ ಬಾಯಿಯನ್ನೂ ಕಟ್ಟಿತು. 'ಆ ಎಲೆ ಈಗ ಬೇಡ, ಇಟ್ಟುಕೋ' ಎಂದು ಹೇಳಲು ಎದುರಾಳಿಗೆ ಮನಸ್ಸಿದ್ದರೂ ದಾರಿಯಿಲ್ಲ. ಒಂದು ಸರದಿಗೆ 75 ಸೆಕೆಂಡುಗಳ ಮಿತಿ. ಅಷ್ಟರೊಳಗೆ ಎದುರಾಳಿಯ ಎಲೆ ಓದಿ, ತನ್ನ ಎಲೆ ಓದಿ, ಎರಡರ ಸಂಬಂಧ ಊಹಿಸಿ, ನಿರ್ಧರಿಸಬೇಕು. ಇದನ್ನು ಇಂಗ್ಲಿಷನ್ನು ಮೂರನೆಯ ಭಾಷೆಯಾಗಿ ಕಲಿತ ಗಡಿನಾಡಿನ ವಿದ್ಯಾರ್ಥಿ ಮಾಡುವಾಗ ಆ ಸೆಕೆಂಡುಗಳು ಇನ್ನೂ ಕಿರಿದಾಗುತ್ತವೆ.

ಈ ನಾಲ್ಕು ಕಾರಣಗಳಲ್ಲಿ ವ್ಯಾಪಾರದ ಪಾಲು ದೊಡ್ಡದೆಂದು ಮೇಲುನೋಟಕ್ಕೆ ತೋರುತ್ತದೆ. ಹಣದಾಸೆಯೊಂದನ್ನು ತೆಗೆದುಬಿಟ್ಟರೆ ಎಲ್ಲವೂ ಸರಿಹೋದೀತೆಂದು ಹಲವರು ನಂಬುತ್ತಾರೆ. ಈ ನಂಬಿಕೆಯನ್ನು ಪರೀಕ್ಷಿಸಲು ಕನ್ನಡ ನಾಡಿನ ಇತಿಹಾಸದಲ್ಲೇ ಒಂದು ನಿದರ್ಶನವಿದೆ. ಅಲ್ಲಿ ಮಾರಾಟವಿರಲಿಲ್ಲ, ಲಾಭದ ಲೆಕ್ಕವಿರಲಿಲ್ಲ, ಯಂತ್ರವೂ ಇರಲಿಲ್ಲ. ಆದರೂ ಆಟ ಹೊಸಬರಿಲ್ಲದೆ ನಿಂತುಹೋಯಿತು. ಅದು ಮೈಸೂರಿನ ಗಂಜೀಫಾ.

ಮೊದಲು ಅದರ ಸರಳ ರೂಪವನ್ನು ಗಮನಿಸಬೇಕು. ಮೊಗಲರ ಕಾಲದ ಸಾಮಾನ್ಯ ಗಂಜೀಫಾದಲ್ಲಿ ಎಂಟು ಪಂಗಡ, ಪಂಗಡಕ್ಕೆ ಹನ್ನೆರಡರಂತೆ 96 ಎಲೆಗಳು. ಅದನ್ನು ಈ ನೆಲದವರು ದಶಾವತಾರಕ್ಕೆ ಒಗ್ಗಿಸಿಕೊಂಡಾಗ ಹತ್ತು ಪಂಗಡಗಳ 120 ಎಲೆಗಳಾದವು. ಒಂದೊಂದು ಅವತಾರಕ್ಕೆ ಒಬ್ಬ ರಾಜ, ಒಬ್ಬ ಮಂತ್ರಿ, ಒಂದರಿಂದ ಹತ್ತರವರೆಗಿನ ಎಣಿಕೆಯ ಎಲೆಗಳು. ಹಗಲಿನ ಆಟವನ್ನು ರಾಮನ ಎಲೆ ಉಳ್ಳವನು ಮೊದಲಿಡಬೇಕು, ರಾತ್ರಿಯ ಆಟವನ್ನು ಕೃಷ್ಣನ ಎಲೆ ಉಳ್ಳವನು. ಅರ್ಧದಷ್ಟು ಪಂಗಡಗಳಲ್ಲಿ ಹತ್ತು ದೊಡ್ಡದು, ಉಳಿದವುಗಳಲ್ಲಿ ಒಂದು ದೊಡ್ಡದು. ಇದು ಇಸ್ಪೀಟಿಗಿಂತ ಕಷ್ಟದ ಆಟವೇ ಸರಿ. ಆದರೂ ಕಲಿಯಲು ಬಂದವನು ಬರಿಗೈಯಲ್ಲಿ ಬರುತ್ತಿರಲಿಲ್ಲ. ಮತ್ಸ್ಯ, ಕೂರ್ಮ, ವರಾಹಗಳ ಅನುಕ್ರಮ ಅವನಿಗೆ ಹರಿಕಥೆಯಿಂದ, ದೇವಾಲಯದ ಗೋಡೆಯಿಂದ, ಅಜ್ಜಿಯ ಬಾಯಿಂದ ಮೊದಲೇ ಬಂದಿರುತ್ತಿತ್ತು. ಹೊಸಬ ತನ್ನೊಡನೆ ತರುವ ತಿಳಿವಿಗೆ ಆಟವು ತನ್ನ ನಿಯಮಗಳನ್ನು ನೇತುಹಾಕಿತ್ತು.

ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಈ ಆಟವನ್ನು ಇನ್ನೂ ಎತ್ತರಕ್ಕೆ ಒಯ್ಯಲೆಳಸಿದರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡ ಮೇಲೆ ಅರಮನೆ ಸಾಹಿತ್ಯ, ಸಂಗೀತ, ಚಿತ್ರಗಳ ಆಶ್ರಯಸ್ಥಾನವಾಗಿ ಉಳಿಯಿತು. ಒಂಬತ್ತು ನಿಧಿಗಳ ಬೃಹದ್ಗ್ರಂಥ ಶ್ರೀತತ್ತ್ವನಿಧಿ ಅವರ ಹೆಸರಿನದು. ಅದರ ಕೌತುಕನಿಧಿಯಲ್ಲಿ ಅವರು ಕಲ್ಪಿಸಿದ ಎಲೆಯಾಟಗಳ ವಿವರಗಳಿವೆ. ಅವುಗಳಿಗೆ ಛದಗಳೆಂದು ಹೆಸರು. ಸಂಸ್ಕೃತದಲ್ಲಿ ಛದವೆಂದರೆ ಎಲೆಯೇ. ಚಾಮುಂಡೇಶ್ವರಿ ಛದ, ನವಗ್ರಹ ಛದ ಮೊದಲಾದ ಈ ಆಟಗಳಲ್ಲಿ ಕೆಲವಕ್ಕೆ ಪಂಗಡಗಳು ಹದಿನೆಂಟರವರೆಗೂ ಏರಿದವು. ಎಲೆಗಳ ಸಂಖ್ಯೆ 360ರವರೆಗೂ ಹೋಯಿತು. ಪಂಗಡವೊಂದರಲ್ಲಿ ಹನ್ನೆರಡು ಎಣಿಕೆಯ ಎಲೆಗಳಲ್ಲದೆ ಆರು ಚಿತ್ರದೆಲೆಗಳು. ಖಾಯಂ ತುರುಫುಗಳೂ, ಯಾವುದರ ಬದಲಿಗಾದರೂ ನಿಲ್ಲಬಲ್ಲ ಎಲೆಗಳೂ ಇದ್ದವು. ಪ್ರತಿಯೊಂದು ದೇವತೆಯ ವಾಹನ, ಆಯುಧ, ವರ್ಣಗಳು ಶಾಸ್ತ್ರೋಕ್ತವಾಗಿ ಚಿತ್ರಿತವಾದವು. ರಸಿಕರೂ ವಿದ್ವಾಂಸರೂ ಆದ ಒಬ್ಬ ಅರಸರ ಮನೋವಿಲಾಸಕ್ಕೆ ಇದು ಶಿಖರ. ಆದರೆ ಈ ಶಿಖರ ಅರಮನೆಯ ಆವರಣವನ್ನು ದಾಟಿದಂತೆ ಕಾಣುವುದಿಲ್ಲ. ಜನಸಾಮಾನ್ಯರು ಅವನ್ನು ಆಡಲಿಲ್ಲ.

ಇಂದು ಮೈಸೂರಿನ ಗಂಜೀಫಾ ಎಲೆಗಳಿಗೆ ಭೌಗೋಳಿಕ ಸೂಚಿಕೆಯ ಮನ್ನಣೆಯಿದೆ. ಶ್ರೀರಂಗಪಟ್ಟಣದ ಗಂಜೀಫಾ ರಘುಪತಿ ಭಟ್ಟರಂಥ ಕಲಾವಿದರ ತಪಸ್ಸಿನಿಂದ ಆ ಚಿತ್ರಕಲೆ ಉಳಿದಿದೆ, ಹೊರದೇಶಗಳಲ್ಲೂ ಮೆಚ್ಚುಗೆ ಗಳಿಸಿದೆ. ಅದು ಹೆಮ್ಮೆಯ ಸಂಗತಿ. ಆದರೂ ಒಂದು ಮಾತನ್ನು ಮರೆಯುವಂತಿಲ್ಲ: ಉಳಿದದ್ದು ಚಿತ್ರ, ಉಳಿಯದೆ ಹೋದದ್ದು ಆಟ. ಎಲೆಗಳು ಕೈಯಿಂದ ಕೈಗೆ ಸಾಗಬೇಕಾಗಿದ್ದವು. ಅವು ಗಾಜಿನ ಚೌಕಟ್ಟಿನೊಳಗೆ ನಿಂತವು. ವ್ಯಾಪಾರದ ಸೋಂಕಿಲ್ಲದೆಯೂ ಆಟವೊಂದು ಹೊಸಬರಿಗೆ ಎಟುಕದಂತಾಗಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. ಬಲ್ಲವರ ಸಂತೋಷಕ್ಕಾಗಿ ಮಾತ್ರ ಬೆಳೆಸಿದ ಆಟ, ಬಲ್ಲವರೊಡನೆಯೇ ತೀರಿಹೋಗುತ್ತದೆ.

ಆಟಗಳನ್ನು ಕಟ್ಟುವವರಿಗೆ ಈ ಸತ್ಯ ತಿಳಿಯದ್ದೇನಲ್ಲ. ಮ್ಯಾಜಿಕ್ ಆಟದ ಮುಖ್ಯ ವಿನ್ಯಾಸಕಾರ ಮಾರ್ಕ್ ರೋಸ್‌ವಾಟರ್ 2011ರ ಲೇಖನವೊಂದರಲ್ಲಿ ಇದನ್ನು ಬಿಚ್ಚಿಟ್ಟರು. ಹಳಬರು ಆಟವನ್ನು ಬಿಡುತ್ತಿರಲಿಲ್ಲ, ಆದರೆ ಹೊಸಬರು ಒಳಗೆ ಬರುವುದು ಕಡಿಮೆಯಾಗುತ್ತಿತ್ತು. ಕಾರಣ, ತೊಡಕು ಕಂತು ಕಂತಿಗೆ ಏರುತ್ತಿತ್ತು. ಅದಕ್ಕೆ ಅವರ ತಂಡ ಕಂಡುಕೊಂಡ ಪರಿಹಾರ ಜಾಣತನದ್ದು. ಪೊಟ್ಟಣದಲ್ಲಿ ಹೆಚ್ಚಾಗಿ ಸಿಗುವ ಸಾಮಾನ್ಯ ಎಲೆಗಳನ್ನು ಸರಳವಾಗಿಡುವುದು. ತೊಡಕನ್ನೆಲ್ಲ ವಿರಳವಾದ ಎಲೆಗಳಿಗೆ ಮೀಸಲಿಡುವುದು. ಹೊಸಬನ ಕೈಗೆ ಮೊದಲು ಬರುವುದು ಸಾಮಾನ್ಯ ಎಲೆಗಳೇ ಆದ್ದರಿಂದ ಅವನ ಮೊದಲ ದಿನಗಳು ಹಗುರಾಗುತ್ತವೆ. ನೋಡಲು ಸರಳ, ಆಡುತ್ತ ಹೋದಂತೆ ಆಳ ತೋರುವ ಎಲೆಗಳನ್ನು ರಚಿಸುವ ಕ್ರಮವನ್ನೂ ಅವರು ಮುಂದೆ ವಿವರಿಸಿದರು. ಒಳ್ಳೆಯ ವಚನವೊಂದನ್ನು ಬಲ್ಲವರಿಗೆ ಇದು ಅರ್ಥವಾಗದ ಸಂಗತಿಯಲ್ಲ. ಹಳ್ಳಿಯ ಮುದುಕಿಗೂ ಅದು ತಿಳಿಯುತ್ತದೆ, ಪಂಡಿತನೂ ಅದನ್ನು ತೀರಿಸಲಾರ.

ಬೇರೆ ಆಟಗಳೂ ತಮ್ಮ ತಮ್ಮ ದಾರಿಯಲ್ಲಿ ಯತ್ನಿಸಿವೆ. ಹಾರ್ತ್‌ಸ್ಟೋನ್ 2016ರಲ್ಲಿ ಹಳೆಯ ಕಂತುಗಳನ್ನು ಬೇರೊಂದು ಅಂಗಳಕ್ಕೆ ಸರಿಸಿ, ಇತ್ತೀಚಿನವುಗಳಲ್ಲೇ ಆಡುವ ಪದ್ಧತಿಯನ್ನು ತಂದಿತು. 2021ರಲ್ಲಿ ಮೂಲ ಎಲೆಗಳ ಒಂದು ಕಂತನ್ನು ಎಲ್ಲರಿಗೂ ಉಚಿತವಾಗಿಸಿತು. ಮಾರ್ವೆಲ್ ಸ್ನ್ಯಾಪ್ ಕಟ್ಟನ್ನು 12 ಎಲೆಗೆ, ಆಟವನ್ನು ಸಾಮಾನ್ಯವಾಗಿ ಆರು ಸರದಿಗೆ ಇಳಿಸಿತು. 'ಸ್ಲೇ ದ ಸ್ಪೈರ್' ಇನ್ನೂ ಮುಂದೆ ಹೋಗಿ, ಎದುರಾಳಿಯಾಗಿ ಯಂತ್ರವನ್ನೇ ಇರಿಸಿ, ಪ್ರತಿ ಆಟವನ್ನೂ ಬಲು ಸರಳವಾದ ಆರಂಭದ ಕಟ್ಟಿನಿಂದಲೇ ಮೊದಲು ಮಾಡಿಸಿತು. ಸಾವಿರ ಸಲ ಆಡಿದವನೂ ಅಲ್ಲಿ ಆ ಬಡ ಕಟ್ಟಿನಿಂದಲೇ ಹೊರಡಬೇಕು. ಕಟ್ಟೆಯ ಇಸ್ಪೀಟಿನ ನ್ಯಾಯಕ್ಕೆ ಇದು ಬಹಳ ಹತ್ತಿರ.

ಆದರೆ ಉದಾರತೆಯೊಂದೇ ಸಾಲದೆಂಬುದಕ್ಕೂ ಉದಾಹರಣೆಯಿದೆ. ಲೆಜೆಂಡ್ಸ್ ಆಫ್ ರೂನೆಟೆರಾ ಎಲೆಗಳನ್ನು ಧಾರಾಳವಾಗಿ ಹಂಚಿತು. ಹಣ ಕೊಡದವನೂ ಒಳ್ಳೆಯ ಕಟ್ಟನ್ನು ಕಟ್ಟಬಹುದಾಗಿತ್ತು. ಆದರೂ 2024ರಲ್ಲಿ ಅದರ ಸಂಸ್ಥೆ ಆಟಗಾರರ ಪರಸ್ಪರ ಸ್ಪರ್ಧೆಯ ಭಾಗವನ್ನು ಹಿನ್ನೆಲೆಗೆ ಸರಿಸಿ, ಒಬ್ಬನೇ ಆಡುವ ಭಾಗಕ್ಕೆ ಒತ್ತು ಕೊಡಬೇಕಾಯಿತು. ಇತ್ತ, 2018ರಲ್ಲಿ ಗಾರ್ಫೀಲ್ಡರೇ ವಿನ್ಯಾಸದಲ್ಲಿ ಭಾಗಿಯಾಗಿದ್ದ ವಾಲ್ವ್ ಸಂಸ್ಥೆಯ 'ಆರ್ಟಿಫ್ಯಾಕ್ಟ್' ಮೂರು ಅಂಕಣಗಳಲ್ಲಿ ಏಕಕಾಲಕ್ಕೆ ನಡೆಯುವ, ಕೊಂಡು ಒಳಬಂದ ಮೇಲೂ ಎಲೆಗೆ ಹಣ ತೆರಬೇಕಾದ ಆಟವಾಗಿತ್ತು. ತಿಂಗಳುಗಳಲ್ಲೇ ಜನ ಕರಗಿದರು. 2021ರಲ್ಲಿ ಅದರ ಕೆಲಸವನ್ನೇ ನಿಲ್ಲಿಸಲಾಯಿತು. ಮೂಲಪುರುಷನ ಪ್ರತಿಭೆಯೂ ಹೊಸ್ತಿಲನ್ನು ತಗ್ಗಿಸಲಾರದೆ ಹೋಯಿತು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರಿಸಬೇಕು. ಕಷ್ಟವೇ ಆಟದ ರುಚಿ. ಎಲ್ಲವನ್ನೂ ಹೊಸಬರ ಅಳತೆಗೆ ಕತ್ತರಿಸಿದರೆ ಹಳಬರಿಗೆ ಉಳಿಯುವುದೇನು ಎಂದು ಅನುಭವಿಗಳು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು. ಪಂಪನ ಕಾವ್ಯ ಸುಲಭವಲ್ಲವೆಂದು ಅದನ್ನು ಕತ್ತರಿಸಿ ಚಿಕ್ಕದು ಮಾಡಬೇಕೆಂದು ಯಾವ ವಿವೇಕಿಯೂ ಹೇಳಲಾರ. ಆದರೆ ಕಷ್ಟ ಬೇರೆ, ಅಡ್ಡಗೋಡೆ ಬೇರೆ. ಚದುರಂಗ ಕಷ್ಟದ ಆಟ, ಆದರೂ ಅದರ ನಿಯಮಗಳನ್ನು ಒಂದು ಸಂಜೆಯಲ್ಲಿ ಕಲಿಯಬಹುದು. ಉಳಿದ ಆಯುಷ್ಯವೆಲ್ಲ ಆಳಕ್ಕೆ ಇಳಿಯುವುದಕ್ಕೆ. ಪಂಪಭಾರತ ಕಷ್ಟದ ಕಾವ್ಯ, ಆದರೂ ಅದು ನಾಲ್ಕು ತಿಂಗಳಿಗೊಮ್ಮೆ ನೂರು ಪದ್ಯ ಬೆಳೆಯುವುದಿಲ್ಲ, ನಿಂತು ಕಾಯುತ್ತದೆ. ಮೇಲಾಗಿ, ಕಷ್ಟದ ಕಾವ್ಯಗಳನ್ನು ಕನ್ನಡ ಒಂಟಿಯಾಗಿ ಬಿಟ್ಟಿಲ್ಲ. ಅಕ್ಷರವರಿಯದವರು ಕುಮಾರವ್ಯಾಸನನ್ನು ಸವಿದದ್ದು ಗಮಕಿ ಓದಿ, ವ್ಯಾಖ್ಯಾನಕಾರ ಬಿಡಿಸಿ ಹೇಳಿದ್ದರಿಂದ. ಕಾವ್ಯವನ್ನು ತಗ್ಗಿಸದೆ ಕೇಳುಗನನ್ನು ಎತ್ತಿದ ಕ್ರಮವದು. ಕಟ್ಟೆಯ ಮೇಲೆ ಬೆನ್ನ ಹಿಂದೆ ಕೂರಿಸಿಕೊಂಡ ಆಟಗಾರನೂ ಗಮಕಸಭೆಯ ವ್ಯಾಖ್ಯಾನಕಾರನೂ ಮಾಡುವುದು ಒಂದೇ ಕೆಲಸ. ಡಿಜಿಟಲ್ ಆಟಗಳಿಗೆ ಬೇಕಾಗಿರುವುದು ಸರಳೀಕರಣಕ್ಕಿಂತ ಹೆಚ್ಚಾಗಿ ಇಂಥ ಜೊತೆಗಾರ.

ಹೊಸ್ತಿಲು ತಗ್ಗಿದ್ದರೆ ಸಾಕೆಂಬುದೂ ಸರಿಯಲ್ಲ. ಅದಕ್ಕೆ ಎಚ್ಚರಿಕೆ ಆನ್‌ಲೈನ್ ರಮ್ಮಿ. ಹದಿಮೂರು ಎಲೆಯ ರಮ್ಮಿ ಗಡಿಯ ಎರಡೂ ಬದಿಯವರಿಗೆ ಗೊತ್ತಿರುವ ಆಟ. ಕಲಿಯಬೇಕಾದ ಹೊಸ ಭಾಷೆಯಿಲ್ಲ, ಕೂಡಿಸಬೇಕಾದ ಕಟ್ಟಿಲ್ಲ. ಆಂಧ್ರಪ್ರದೇಶ ಸರ್ಕಾರವು ಕಕ್ಷಿಯಾಗಿದ್ದ ಕೆ. ಸತ್ಯನಾರಾಯಣ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1967ರಷ್ಟು ಹಿಂದೆಯೇ, ಬಿದ್ದ ಎಲೆಗಳ ನೆನಪೂ ಹಿಡಿಯುವ-ಎಸೆಯುವ ಜಾಣ್ಮೆಯೂ ಬೇಕಾದ ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟವೆಂದು ಪರಿಗಣಿಸಿತ್ತು. ಕಟ್ಟೆಯ ಮೇಲೆ ಕೌಶಲವುಳ್ಳವನು ಹೊಸಬನಿಗೆ ಗುರುವಾಗಬಲ್ಲ. ಹಣ ಕಟ್ಟಿ ಆಡುವ ಪರದೆಯ ಮೇಲೆ ಅವನ ಕೌಶಲವೆಲ್ಲ ಹೊಸಬನ ಜೇಬಿನ ಮೇಲಿನ ಹಿಡಿತವಾಗುತ್ತದೆ. ಆಂಧ್ರಪ್ರದೇಶ 2020ರಲ್ಲಿ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕರ್ನಾಟಕ 2021ರಲ್ಲಿ ತಂದ ಕಾಯಿದೆಯ ತಿದ್ದುಪಡಿಯನ್ನು ಮರುವರ್ಷ ಉಚ್ಚ ನ್ಯಾಯಾಲಯ ಅಸಿಂಧುಗೊಳಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಕೌಶಲ, ಅದೃಷ್ಟಗಳೆಂಬ ಭೇದವೆಣಿಸದೆ ಹಣದ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಕಾನೂನಿನ ವಾದಗಳೇನೇ ಇರಲಿ, ಆಟವೊಂದನ್ನು ಅಳೆಯಲು ಸರಳವಾದ ಒಂದು ಒರೆಗಲ್ಲಿದೆ: ಒಳಗೆ ಬಂದ ಹೊಸಬ ಅಲ್ಲಿ ಅತಿಥಿಯೋ, ಬೇಟೆಯೋ? ತೊಡಕಿನ ಆಟ ಅವನನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ; ಹಣದ ಆಟ ಒಳಗೆ ಕರೆದು ಬರಿದುಮಾಡುತ್ತದೆ. ಎರಡರಲ್ಲೂ ಅವನ ಸಂತೋಷವನ್ನು ಕೇಳುವವರಿಲ್ಲ.

ಇನ್ನುಳಿದದ್ದು ಕನ್ನಡದ ಮಾತು. ಹಾರ್ತ್‌ಸ್ಟೋನ್ ಜಪಾನಿ, ಕೊರಿಯನ್, ಪೋಲಿಷ್, ಥಾಯ್ ಭಾಷೆಗಳಲ್ಲಿ ದೊರೆಯುತ್ತದೆ. ಕನ್ನಡದಲ್ಲೂ ಇಲ್ಲ, ತೆಲುಗಿನಲ್ಲೂ ಇಲ್ಲ. ಕಂಪನಿಗಳು ಭಾಷಾಂತರಿಸಿ ಕೊಡುವ ದಿನಕ್ಕಾಗಿ ಕಾಯುವುದೊಂದು ದಾರಿ. ಇಸ್ಪೀಟು ಕಾದಿರಲಿಲ್ಲ. ಆಡುವವರೇ ಹೆಸರಿಟ್ಟರು, ನಾಲಗೆಗೆ ಒಗ್ಗಿಸಿಕೊಂಡರು, ಪಕ್ಕದವನಿಗೆ ಹೇಳಿಕೊಟ್ಟರು. ಆಮೇಲೆ ಅದು ಭಾಷೆಯ ಸ್ವತ್ತಾಯಿತು. ಪಾರಿಭಾಷಿಕ ಪದವೆಂದರೇನು, ಸೂತ್ರಕ್ಕೆ ವೃತ್ತಿ ಬರೆಯುವುದು ಹೇಗೆ, ಕಠಿಣವಾದುದನ್ನು ಕೆಡಿಸದೆ ಬಿಡಿಸುವುದು ಹೇಗೆ ಎಂಬುದನ್ನು ಮೂರು ವರ್ಷ ಅಭ್ಯಾಸ ಮಾಡುವವರು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು. ಈ ಕೆಲಸ ಅವರಲ್ಲದೆ ಬೇರೆ ಯಾರದೂ ಅಲ್ಲ.

ಮತ್ತು ಅವರಿಗೆ ಇದು ಬರಿಯ ಆಟದ ವಿಚಾರವೂ ಅಲ್ಲ. ಹೇಮಾವತಿಯಲ್ಲಿ ನೊಳಂಬರ ರಾಜಧಾನಿಯಿದ್ದ, ಮಡಕಶಿರಾ, ಅಮರಾಪುರದ ಕಡೆ ಇಂದಿಗೂ ಕನ್ನಡ ಮಾಧ್ಯಮದ ಶಾಲೆಗಳಿರುವ ಈ ಗಡಿಸೀಮೆಯಲ್ಲಿ ಕನ್ನಡ ತರಗತಿಗೆ ಬರುವವರೆಲ್ಲ ಕನ್ನಡದ ಮನೆಯಿಂದಲೇ ಬರುವುದಿಲ್ಲ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಎರಡೂ, ಪುಸ್ತಕದಲ್ಲಿ ಹಳಗನ್ನಡ ಎಂಬ ಸ್ಥಿತಿಯಲ್ಲಿ ಮೊದಲ ವರ್ಷದ ವಿದ್ಯಾರ್ಥಿ ಚಂಪೂಕಾವ್ಯದ ಎದುರಿಗೆ ಕುಳಿತಾಗ, ಸಾವಿರಾರು ಎಲೆಗಳ ಎದುರಿಗೆ ಕುಳಿತ ಹೊಸ ಆಟಗಾರನಿಗಿಂತ ಅವನು ಹೆಚ್ಚು ಬೇರೆಯಲ್ಲ. ಕಂದಪದ್ಯದ ಪ್ರಸ್ತಾರ ಹಾಕಲು ಬಾರದವನನ್ನು ಕಂಡು ಮೂರನೆಯ ವರ್ಷದವನು ನಕ್ಕರೆ, ಆ ಕಾವ್ಯವೂ ಗಾಜಿನ ಚೌಕಟ್ಟಿನ ಛದವಾಗಲು ಹೆಚ್ಚು ಕಾಲ ಬೇಕಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ಒಂದು ಪದ್ಯವನ್ನು ಎಲೆ ಹರಡಿದಂತೆ ಬಿಡಿಸಿಟ್ಟು, ತಪ್ಪಿದಾಗ ಎತ್ತಿ ಮರಳಿ ಕೈಗೆ ಕೊಡುವ ಹಿರಿಯ ವಿದ್ಯಾರ್ಥಿಯೊಬ್ಬನಿದ್ದರೆ, ಮುಂದಿನ ವರ್ಷ ಅವನ ಜಾಗದಲ್ಲಿ ಕೂರಲು ಇನ್ನೊಬ್ಬ ಸಿದ್ಧನಾಗಿರುತ್ತಾನೆ.